ಉದ್ದ ಕೋವಿ ಒನಕೆಯ ಹಾಗೆ ಕಾಣುತ್ತಿದೆಯೇ? ದಪ್ಪ ಎಲ್ಲಿ ಅಡಗಿದೆ ಎಂದು ಹುಡುಕುವ ಬಗೆ

ನಾನು ಮಾಡುವುದು ಅಮೆರಿಕದ ಪೆನ್ಸಿಲ್ವೇನಿಯಾದ ಹಳೆಯ ಮಾದರಿಯ ಉದ್ದ ಕೋವಿ, ಇಂಗ್ಲಿಷಿನಲ್ಲಿ ಲಾಂಗ್‌ರೈಫಲ್. ಮೊದಲನೆಯದನ್ನು ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದ ಸಂಜೆ ಚೆನ್ನಾಗಿ ನೆನಪಿದೆ. ನಳಿಗೆ ಬಿಗಿಯಾಗಿ ಕೂತಿತ್ತು. ಮದ್ದಿಗೆ ಬೆಂಕಿ ಕೊಡುವ ಲಾಕ್ ಒಳ್ಳೆ ಕಿಡಿ ಹಾರಿಸುತ್ತಿತ್ತು. ಹಿತ್ತಾಳೆ ಮಿಂಚುತ್ತಿತ್ತು. ಆದರೂ ಇಡೀ ಕೋವಿ ಒನಕೆಯ ಹಾಗೆ ಕಾಣುತ್ತಿತ್ತು. ಹಳೆಯ ಕೋವಿಗಳಲ್ಲಿ ಕಾಣುವ ಆ ಬಳುಕು, ಆ ತೆಳು ಅದರಲ್ಲಿ ಇರಲೇ ಇಲ್ಲ. ಆಮೇಲೆ ನಾಲ್ಕು ವಾರಾಂತ್ಯ ಕೂತು ಮರದ ಅರದಲ್ಲಿ ಉಜ್ಜಿದೆ. ನೆಲದ ತುಂಬ ಹೊಟ್ಟು ಬಿತ್ತು, ಕೋವಿ ಮಾತ್ರ ಹಾಗೇ ಉಳಿಯಿತು.

ಯಾಕೆ ಅಂತ ಗೊತ್ತಾಗಲು ನನಗೆ ತುಂಬ ದಿನ ಹಿಡಿಯಿತು. ದಪ್ಪ ಇದ್ದದ್ದು ನಾನು ಉಜ್ಜುತ್ತಿದ್ದ ಮೇಲ್ಮೈಯಲ್ಲಿ ಅಲ್ಲ. ಒಳಗೆ, ಕಣ್ಣಿಗೆ ಬೀಳದ ಒಂದು ತೂತಿನ ಸುತ್ತ. ಹಾಗಾಗಿ ಈ ಬರಹದಲ್ಲಿ ನಾನು ಒಳಗಿನಿಂದ ಹೊರಗೆ ಬರುತ್ತೇನೆ. ನಿಮ್ಮ ಕೋವಿಯೂ ದಪ್ಪ ಕಾಣುತ್ತಿದ್ದರೆ ಅರವನ್ನು ಕೆಳಗಿಟ್ಟು, ಮೊದಲು ದಪ್ಪ ಅಳೆಯುವ ಕ್ಯಾಲಿಪರ್ ಕೈಗೆತ್ತಿಕೊಳ್ಳಿ.

ಪದಗಳ ಬಗ್ಗೆ ಒಂದು ಮಾತು. ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಕೇಪಿನ ಕೋವಿ ಇತ್ತು, ಬಾಯಿಂದ ಮದ್ದು ತುಂಬುವ ಜಾತಿಯದು. ನಳಿಗೆ, ಮದ್ದು, ಗಜ ಅನ್ನುವ ಮಾತುಗಳು ನನಗೆ ಅಲ್ಲಿಂದ ಬಂದವು, ಅವನ್ನೇ ಬಳಸುತ್ತೇನೆ. ನಳಿಗೆ ಎಂದರೆ ಗುಂಡು ಹಾಯುವ ಕಬ್ಬಿಣದ ಕೊಳವೆ. ಗಜ ಎಂದರೆ ಮದ್ದು-ಗುಂಡು ಒತ್ತಿ ಇಳಿಸುವ ಕೋಲು. ಮರದ ಇಡೀ ಭಾಗ ಸ್ಟಾಕ್. ಲಾಕ್‌ನ ಹಿಂದೆ ಕೈ ಹಿಡಿಯುವ ಸಣ್ಣ ಜಾಗ ಹಿಡಿ. ಹೆಗಲಿಗೆ ಒರಗುವುದು ಬಟ್. ನಳಿಗೆಯ ಕೆಳಗೆ ಬಾಯಿಯವರೆಗೆ ಓಡುವುದನ್ನು ಮುಂಗೈ ಅನ್ನುತ್ತೇನೆ.

ಇನ್ನೊಂದು ಮಾತು, ಕೆಲಸಕ್ಕೆ ಮುಂಚೆ. ಮುಗಿದ ಕೋವಿಯಾದರೆ ನಳಿಗೆ ಖಾಲಿ ಇದೆಯಾ ಎಂದು ನೋಡಿ. ಗಜವನ್ನು ತಳ ಮುಟ್ಟುವ ತನಕ ಇಳಿಸಿ, ಬಾಯಿಯ ಹತ್ತಿರ ಬೆರಳಿಟ್ಟು ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಇಟ್ಟು ನೋಡಿ. ಗಜದ ತುದಿ ಬೆಂಕಿ ಹೋಗುವ ತೂತಿನ ಹತ್ತಿರಕ್ಕೆ ಬರಬೇಕು. ಒಂದಿಂಚು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಅದನ್ನು ತೆಗೆಯುವ ತನಕ ಬೇರೆ ಯಾವ ಕೆಲಸವೂ ಬೇಡ.

ಯಾವ ಕಾಲದ ಕೋವಿ ಅದು?

ಇದನ್ನು ಮೊದಲು ಕೇಳಿಕೊಳ್ಳಿ, ಯಾಕೆಂದರೆ ಕೆಲವು ಕೋವಿಗಳು ದಪ್ಪ ಇರಲೇಬೇಕು. ಪೆನ್ಸಿಲ್ವೇನಿಯಾದ ಉದ್ದ ಕೋವಿ ಹುಟ್ಟಿದ್ದು ಯೇಗರ್ ಎಂಬ ಜರ್ಮನ್ ಬೇಟೆ ಕೋವಿಯಿಂದ. ಅದು ಗಿಡ್ಡ, ತೋರ. 18ನೇ ಶತಮಾನದಲ್ಲಿ ಜರ್ಮನ್ ಮಾತಾಡುವ ಕೋವಿ ಕೆಲಸದವರು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್, ರೆಡಿಂಗ್, ಲೀಹೈ ಕಣಿವೆಯ ಸುತ್ತ ನೆಲೆಸಿದರು. ಅವರ ಕೈಯಲ್ಲಿ ನಳಿಗೆ ಉದ್ದವಾಗುತ್ತಾ 42 ಇಂಚು, 44 ಇಂಚು, ಕೆಲವು ಸಲ ಇನ್ನೂ ಜಾಸ್ತಿ ಆಯಿತು. 1760-70ರ ಸುಮಾರಿನ ಕೋವಿಗಳಲ್ಲಿ ಬಟ್ ಇನ್ನೂ ಅಗಲ, 2 ಇಂಚು ದಾಟುವುದೂ ಉಂಟು. ಅಲ್ಲಿಯದೇ ನಾಜರೆತ್ ಎಂಬ ಊರಿನ ಹತ್ತಿರ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿ ಮೊರೇವಿಯನ್ ಕ್ರೈಸ್ತರು ಮಾಡುತ್ತಿದ್ದ ಕೋವಿಗಳು ಈ ಕಾಲದವು, ಅವು ಮೈ ತುಂಬಿಕೊಂಡಿವೆ. ಅಮೆರಿಕದ ಕ್ರಾಂತಿಯ ನಂತರದ ದಶಕಗಳಲ್ಲಿ ಬಟ್ ಕಿರಿದಾಯಿತು, ಹಿಡಿ ಸಣ್ಣದಾಯಿತು. ನಮ್ಮ ತಲೆಯಲ್ಲಿ ಕೂತಿರುವ ತೆಳ್ಳನೆಯ ಚಿತ್ರ ಈ ಎರಡನೇ ಕಾಲದ್ದು.

ತುಂಬ ಕೋವಿಗಳು ಹಾಳಾಗುವುದು ಇವೆರಡನ್ನೂ ಬೆರೆಸಿದಾಗ. 2 1/8 ಇಂಚು ಅಗಲದ ಹಳೆ ಮಾದರಿಯ ಬಟ್ ಪ್ಲೇಟ್, ಅಂದರೆ ಬಟ್‌ನ ಹಿಂತುದಿಗೆ ಕೂರಿಸುವ ಲೋಹದ ತಗಡು, ತಂದು, ಅದಕ್ಕೆ 1790ರ ಮಾದರಿಯ ಸಣ್ಣ ಹಿಡಿ ಜೋಡಿಸಲು ಹೋದರೆ ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ. ಮರ ಬಟ್ ಪ್ಲೇಟಿನ ಅಂಚಿಗೆ ಹೋಗಿ ಸೇರಲೇಬೇಕಲ್ವಾ? ಪ್ಲೇಟ್ ಅಗಲ ಇದ್ದರೆ ಮರವೂ ಅಗಲವೇ. ಇದಕ್ಕೆ ಪರಿಹಾರ ಬೇರೆ ಪ್ಲೇಟ್ ಅಷ್ಟೆ.

ಹಾಗಾಗಿ ಒಂದೇ ಒಂದು ಹಳೆ ಕೋವಿಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಜೇಕಬ್ಸ್‌ಬರ್ಗ್‌ನಲ್ಲಿರುವ ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ ಮ್ಯೂಸಿಯಮ್‌ನಂಥ ಕಡೆ ಹೋಗಿ ಒಂದು ಕೋವಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ನೂರು ಕೋವಿಯನ್ನು ಓಡಾಡುತ್ತಾ ನೋಡುವುದಕ್ಕಿಂತ ಅದು ಮೇಲು. ಕೆಳಗೆ ಕೊಡುವ ಅಳತೆಗಳೆಲ್ಲ ಕ್ರಾಂತಿಯ ನಂತರದ ಲ್ಯಾಂಕಾಸ್ಟರ್ ಮಾದರಿಯನ್ನು ಮನಸ್ಸಿನಲ್ಲಿಟ್ಟು ನಾನು ಬಳಸುವವು. ನಳಿಗೆ ಹಿಂಬದಿಯಲ್ಲಿ 1 ಇಂಚು ಎಂದು ಇಟ್ಟುಕೊಂಡಿದ್ದೇನೆ.

ಲಾಕ್‌ನ ಮುಂದೆ ಹೊಟ್ಟೆ ಇಳಿದಿದೆ

ಬಹಳ ಜನರ ರೋಗ ಇದೇ. ನನ್ನದೂ ಇದೇ ಆಗಿತ್ತು.

ಲಾಕ್‌ನ ಮೂತಿಯ ಮುಂದೆ, ಎಂಟು ಮೂಲೆಯ ನಳಿಗೆಯ ಮೇಲಿನ ಚಪ್ಪಟೆ ಪಟ್ಟಿಯಿಂದ ಸ್ಟಾಕಿನ ತಳದವರೆಗೆ ಕ್ಯಾಲಿಪರ್ ಹಾಕಿ ಅಳೆಯಿರಿ. ಎಷ್ಟು ಬರಬೇಕು? ಲೆಕ್ಕ ಸುಲಭ. ನಳಿಗೆ 1 ಇಂಚು. ಅದರ ಕೆಳಗೆ, ನಳಿಗೆಗೂ ಗಜದ ತೂತಿಗೂ ನಡುವೆ ಒಂದು ಮರದ ಗೋಡೆ, ಅದು 1/8 ಇಂಚು. ಗಜದ ತೂತು 3/8 ಇಂಚು. ಅದರ ಕೆಳಗೆ ಉಳಿಯುವ ಮರ 1/8 ಇಂಚು. ಒಟ್ಟು 1 5/8 ಇಂಚು. ಇದಕ್ಕಿಂತ ಜಾಸ್ತಿ ಬಂದ ಪ್ರತಿ ನೂಲಿಗೂ ಎಲ್ಲೋ ಒಂದು ಕಾರಣ ಇದೆ, ಅದನ್ನು ಹುಡುಕಬೇಕು.

ನನ್ನ ಕೋವಿಯಲ್ಲಿ 1 7/8 ಬಂತು. ಕಾಲು ಇಂಚು ಜಾಸ್ತಿ. ಕೇಳಲು ಸಣ್ಣದು, ಆದರೆ ಇಷ್ಟು ಸಪೂರ ವಸ್ತುವಿನಲ್ಲಿ ಕಾಲು ಇಂಚು ಎಂದರೆ ಬಸುರಿ ಹೊಟ್ಟೆ. ಉಜ್ಜಿ ತೆಗೆದರಾಯಿತು ಎಂದುಕೊಂಡಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯರು ಅರವನ್ನು ಕೈಯಿಂದ ತೆಗೆದುಕೊಂಡು, "ಮೊದಲು ಗಜ ಎಲ್ಲಿದೆ ನೋಡು" ಎಂದರು.

ನೋಡುವುದು ಹೀಗೆ. ನಳಿಗೆಯನ್ನು ಬಿಚ್ಚಿ ತೆಗೆಯಿರಿ. ನಳಿಗೆ ಕೂರುವ ಕಾಲುವೆಯ ತಳದಲ್ಲಿ, ಸರಿ ನಡುವೆ, 1/16 ಇಂಚಿನ ಡ್ರಿಲ್ ಬಿಟ್‌ನಲ್ಲಿ ಒಂದು ಸಣ್ಣ ತೂತು ಕೊರೆಯಿರಿ, ಗಜದ ತೂತಿಗೆ ತಾಗುವ ತನಕ ಮಾತ್ರ. ಗಜವನ್ನು ಒಳಗೆ ಬಿಟ್ಟು, ಮೇಲಿನಿಂದ ಒಂದು ತಂತಿ ಇಳಿಸಿ. ತಂತಿ ಗಜಕ್ಕೆ ತಾಗಿ ನಿಂತ ಆಳವೇ ಆ ಗೋಡೆಯ ದಪ್ಪ. ಲಾಕ್‌ನ ಮುಂದೆ ಒಂದು ತೂತು, ಗಜ ಸ್ಟಾಕಿನೊಳಗೆ ನುಗ್ಗುವ ಜಾಗದ ಹತ್ತಿರ ಇನ್ನೊಂದು. ನಳಿಗೆ ಕೂತ ಮೇಲೆ ಎರಡೂ ಮುಚ್ಚಿಹೋಗುತ್ತವೆ, ಯಾರಿಗೂ ಕಾಣುವುದಿಲ್ಲ. ತಳದ ಕಡೆಯಿಂದ ಮಾತ್ರ ಕೊರೆಯಬೇಡಿ, ಅಲ್ಲಿ ಕಳೆದು ಲೆಕ್ಕ ಹಾಕಿದರೆ ಸಾಕು.

ನನ್ನದರಲ್ಲಿ ಗೋಡೆ 5/16 ಇತ್ತು. ಅಂದರೆ ಬೇಕಾದ್ದಕ್ಕಿಂತ 3/16 ಜಾಸ್ತಿ. ತಳದ ಮರ 3/16 ಇತ್ತು, ಅಲ್ಲಿ ಜಾಸ್ತಿ ಇದ್ದದ್ದು ಬರೀ 1/16. ನಾಲ್ಕು ವಾರಾಂತ್ಯ ನಾನು ಉಜ್ಜುತ್ತಿದ್ದದ್ದು ಆ 1/16ಕ್ಕಾಗಿ. ಇನ್ನೂ ಎರಡು ವಾರ ಉಜ್ಜಿದ್ದರೆ ತಳ ಒಡೆದು ಗಜ ಹೊರಗೆ ಕಾಣುತ್ತಿತ್ತು.

ತೂತು ಯಾಕೆ ಕೆಳಗೆ ಹೋಯಿತು? ಉದ್ದನೆಯ ಬಿಟ್ ಮರದ ಎಳೆಯನ್ನು ಹಿಡಿದು ಅಡ್ಡ ಹೋಗುತ್ತದೆ, ಅಲೆಅಲೆಯಾದ ಎಳೆಯಿರುವ ಮೇಪಲ್ ಮರದಲ್ಲಂತೂ ಜಾಸ್ತಿಯೇ. ಅದು ಒಂದು ಕಾರಣ. ಆದರೆ ನಿಜವಾದ ಕಾರಣ ಹೆಚ್ಚಾಗಿ ಭಯ. ಬಿಟ್ ಮೇಲಕ್ಕೆ ಹೋಗಿ ನಳಿಗೆಯ ಕಾಲುವೆಗೆ ತೂತಾದೀತು ಎಂದು ಹೆದರಿ ಶುರುವಿನಲ್ಲೇ ಸ್ವಲ್ಪ ಕೆಳಮುಖ ಇಟ್ಟುಬಿಡುತ್ತೇವೆ. ಯೋಚಿಸಿ ನೋಡಿ, ಮೇಲಕ್ಕೆ ತೂತಾದರೆ ಏನಾಗುತ್ತದೆ? ನಳಿಗೆಯ ಕೆಳಗೆ ಒಂದು ಕಿಂಡಿ ಆಗುತ್ತದೆ, ಅದು ಮುಚ್ಚಿಹೋಗುತ್ತದೆ. ಕೆಳಕ್ಕೆ ಹೋದರೆ ಕೋವಿ ಜೀವಮಾನವಿಡೀ ದಪ್ಪ. ತಪ್ಪುವುದೇ ಆದರೆ ಮೇಲಕ್ಕೆ ತಪ್ಪಲಿ.

ಇನ್ನೊಂದು ಭಯ ಲಾಕ್‌ನ ಮುಂದಿನ ಬೋಲ್ಟಿನದು. ಅದು ನಳಿಗೆಗೂ ಗಜಕ್ಕೂ ನಡುವೆ ಹಾದುಹೋಗಬೇಕು. 8-32 ಎಂಬ ಅಳತೆಯ ಬೋಲ್ಟಿನ ದಪ್ಪ 0.164 ಇಂಚು, ಗೋಡೆ 0.125 ಇಂಚು. ಹಿಡಿಸುವುದಿಲ್ಲ ಎಂದು ಗೋಡೆಯನ್ನೇ ದಪ್ಪ ಬಿಡುತ್ತಾರೆ. ಹಾಗೆ ಮಾಡಬೇಕಿಲ್ಲ. ಬೋಲ್ಟ್ ಗಜದ ತೂತಿನ ಮೇಲಂಚನ್ನು ಸವರಿಕೊಂಡು ಹೋಗಲಿ. ಗಜದ ಆ ತುದಿಯನ್ನು ಸಪೂರ ಮಾಡಿ, ಇಲ್ಲವೇ ಬೋಲ್ಟ್ ತಾಗುವಲ್ಲಿ ಗಜದಲ್ಲೇ ಸಣ್ಣ ಕಚ್ಚು ಹಾಕಿ. ನಳಿಗೆಯ ಅಡಿಯನ್ನು ಅರದಲ್ಲಿ ಕೊರೆಯುವವರೂ ಇದ್ದಾರೆ. ಮದ್ದು ಸಿಡಿಯುವ ಜಾಗಕ್ಕೆ ಅಷ್ಟು ಹತ್ತಿರ ಕಬ್ಬಿಣ ತೆಳು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮರದ ಗಜ ಹೋದರೆ ಇನ್ನೊಂದು ಮಾಡಿಕೊಳ್ಳಬಹುದು.

ಹಾಗಾದರೆ ಈಗಾಗಲೇ ಕೆಳಗೆ ಹೋದ ತೂತಿಗೆ ಏನು ಮಾಡುವುದು? ಕೆಲಸ ಎಲ್ಲಿಗೆ ಬಂದಿದೆ ಎಂಬುದರ ಮೇಲೆ ನಿಂತಿದೆ. ಲಾಕ್ ಇನ್ನೂ ಕೂರಿಸಿಲ್ಲ ಎಂದಾದರೆ ನೀವು ಪುಣ್ಯವಂತರು. ನಳಿಗೆಯ ಕಾಲುವೆಯನ್ನೇ ಇನ್ನಷ್ಟು ಆಳ ಮಾಡಿ ನಳಿಗೆಯನ್ನು ಕೆಳಗಿಳಿಸಿ. ನಳಿಗೆಯೇ ಗಜದ ಹತ್ತಿರಕ್ಕೆ ಬರುತ್ತದೆ, ಮೇಲೆ ಉಳಿದ ಮರವನ್ನು ಹತ್ತರಿ ಹೊಡೆದು ತೆಗೆಯಬಹುದು. ನನ್ನ ಎರಡನೇ ಕೋವಿಯಲ್ಲಿ ಹೀಗೆ 1/8 ಇಂಚು ಇಳಿಸಿದೆ, ಇಡೀ ಕೋವಿಯ ಮುಖವೇ ಬದಲಾಯಿತು. ಲಾಕ್ ಕೂತಾಗಿದ್ದರೆ ಈ ದಾರಿ ಮುಚ್ಚಿತು, ಯಾಕೆಂದರೆ ನಳಿಗೆಯ ಪಕ್ಕದ ತೂತಿಗೂ ಲಾಕ್‌ನ ಮದ್ದಿನ ಬಟ್ಟಲಿಗೂ ಇರುವ ಹೊಂದಾಣಿಕೆ ಕೆಡುತ್ತದೆ.

ಆಗ ತೂತಿಗೆ ಗಟ್ಟಿ ಮರದ ಕಡ್ಡಿಯನ್ನು ಅಂಟಿಸಿ ತುಂಬಿ ಹೊಸದಾಗಿ ಕೊರೆಯಬಹುದು. ನಾನು ಒಮ್ಮೆ ಮಾಡಿದ್ದೇನೆ. ಬಿಟ್ ಹಳೆಯ ದಾರಿಗೇ ಜಾರಲು ನೋಡುತ್ತದೆ, ತುಂಬ ತಾಳ್ಮೆ ಬೇಕು. ಅದೂ ಬೇಡವೆಂದರೆ 3/8ರ ಬದಲು 5/16 ಗಜ ಹಾಕಿಯೂ ಪ್ರಯೋಜನವಿಲ್ಲ, ತೂತಿನ ತಳ ಅಲ್ಲೇ ಇರುತ್ತದೆ. 5/16ರ ಲಾಭ ಸಿಗುವುದು ಶುರುವಿನಿಂದಲೇ ಆ ಅಳತೆಗೆ ಕೊರೆದರೆ ಮಾತ್ರ. ಉಳಿಯುವುದು ಒಂದೇ ದಾರಿ, ಇರುವ ಆಳವನ್ನು ಒಪ್ಪಿಕೊಂಡು ಅದನ್ನು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಲೋಹದ ಕಮಾನು) ಮುಂದೆ ಉದ್ದಕ್ಕೆ ಮೆಲ್ಲಗೆ ಇಳಿಜಾರು ಮಾಡಿ ಕಣ್ಣಿಗೆ ತಿಳಿಯದಂತೆ ಮಾಡುವುದು. ನನ್ನ ಮೊದಲ ಕೋವಿ ಇವತ್ತಿಗೂ ಹಾಗೇ ಇದೆ.

ಮುಂಗೈ ಕಡುಬಿನ ಹಾಗಿದೆ

ಮೊದಲು ನಳಿಗೆ ಯಾವುದು ಎಂದು ನೋಡಿ. ಹಳೆಯ ಕೆಲಸದವರ ನಳಿಗೆಗಳು ಹಿಂದೆ ದಪ್ಪ, ಮುಂದಕ್ಕೆ ಸಪೂರವಾಗುತ್ತಾ ಹೋಗಿ, ಬಾಯಿಯ ಹತ್ತಿರ ಮತ್ತೆ ಒಂಚೂರು ಅರಳುತ್ತವೆ. ಅದರ ಸೊಂಟದ ಜಾಗದಲ್ಲಿ ಅಳೆದರೆ ಸುಮಾರು 3/4 ಇಂಚು. ಎರಡೂ ಪಕ್ಕ 1/16 ಮರ ಬಿಟ್ಟರೆ ಒಟ್ಟು ಅಗಲ 7/8. ಉದ್ದಕ್ಕೂ ಒಂದೇ ಸಮ 1 ಇಂಚು ಇರುವ ನೆಟ್ಟ ನಳಿಗೆ ಹಾಕಿ, ಪಕ್ಕಕ್ಕೆ 1/8 ಬಿಟ್ಟರೆ ಅದೇ ಜಾಗದಲ್ಲಿ 1 1/4. ಎರಡು ಕೋವಿಗಳ ನಡುವಿನ ವ್ಯತ್ಯಾಸದ ಬಹುಪಾಲು ಇಲ್ಲೇ ಇದೆ. ನೆಟ್ಟ ನಳಿಗೆ ಅಗ್ಗ, ಕಾಲುವೆ ತೋಡುವುದೂ ಸುಲಭ. ಆದರೆ ಮೊದಲ ಕೋವಿ ಮಾಡುವವರಿಗೆ ನಾನು ಹೇಳುವುದು ಇದೇ: ಬೇರೆ ಎಲ್ಲದರಲ್ಲೂ ಉಳಿಸಿ, ನಳಿಗೆಯಲ್ಲಿ ಉಳಿಸಬೇಡಿ. ನೆಟ್ಟದ್ದೇ ಬೇಕೆಂದರೆ 13/16 ಅಥವಾ 7/8 ಅಳತೆಯದನ್ನು ಸಣ್ಣ ಬೋರಿನಲ್ಲಿ, ಅಂದರೆ ಸಣ್ಣ ಒಳತೂತಿನದನ್ನು, ಆರಿಸಿ.

ನಳಿಗೆ ಸರಿಯಿದ್ದೂ ಮುಂಗೈ ದಪ್ಪ ಕಾಣುತ್ತಿದ್ದರೆ ಮೇಲಂಚು ನೋಡಿ. ಎಂಟು ಮೂಲೆಯ ನಳಿಗೆಯ ಪಕ್ಕದ ಪಟ್ಟಿಯಲ್ಲಿ ಮರ ಅರ್ಧದವರೆಗೆ ಬಂದರೆ ಸಾಕು. ಪೂರ್ತಿ ಮೇಲಿನವರೆಗೆ ಬಿಟ್ಟರೆ ನಳಿಗೆ ಮರದೊಳಗೆ ಮುಳುಗಿದಂತೆ ಕಾಣುತ್ತದೆ, ಕಬ್ಬಿಣದ ಹೊಳಪು ಕಣ್ಣಿಗೆ ಬೀಳುವುದಿಲ್ಲ. ಅಂಚನ್ನು ಅರ್ಧಕ್ಕೆ ಇಳಿಸಿದ ಕೂಡಲೇ ಕೋವಿ ಹಗುರವಾದಂತೆ ಕಾಣುತ್ತದೆ. ತೆಗೆದ ಮರ ತೀರಾ ಸ್ವಲ್ಪ, ಆದರೂ.

ಆಮೇಲೆ ಗಜ. ಮುಂದಿನ ಬಯಲು ಕಾಲುವೆಯಲ್ಲಿ ಗಜದ ಅರ್ಧ ಒಳಗೆ, ಅರ್ಧ ಹೊರಗೆ ಇರಬೇಕು. ಇಲ್ಲಿಯೂ ನಳಿಗೆಗೂ ಗಜಕ್ಕೂ ನಡುವಿನ ಗೋಡೆ ತೆಳುವೇ, ಬಾಯಿಯ ಕಡೆ 1/16ರಿಂದ 1/8. ಕೆಲವರು ನಳಿಗೆಯನ್ನು ಮರಕ್ಕೆ ಪಿನ್ ಹಾಕಿ ಹಿಡಿಸುವ ಅಡಿಯ ಕೊಂಡಿಗಳಿಗೆ ಜಾಗ ಬೇಕೆಂದು ಗೋಡೆಯನ್ನು ದಪ್ಪ ಬಿಡುತ್ತಾರೆ. ತಪ್ಪು ಕೊಂಡಿಯದು. ಹಾದುಹೋಗುವುದು ಸುಮಾರು 1/16 ಇಂಚಿನ ಪಿನ್, ಅದಕ್ಕೆ ಎತ್ತರದ ಕೊಂಡಿ ಯಾಕೆ? ಕೊಂಡಿಯನ್ನು ಅರದಲ್ಲಿ ಗಿಡ್ಡ ಮಾಡಿ, ಮರವನ್ನು ದಪ್ಪ ಮಾಡಬೇಡಿ.

ಕೊನೆಗೆ ಪಕ್ಕದ ಆಕಾರ. ನಳಿಗೆಯ ಅಂಚಿನಿಂದ ಗಜದ ಅಂಚಿನವರೆಗೆ ಮರ ಹೆಚ್ಚುಕಡಿಮೆ ನೇರವಾಗಿ, ಒಂಚೂರೇ ಉಬ್ಬಿ ಇಳಿಯಬೇಕು. ಅಲ್ಲಿ ಕೆನ್ನೆ ಊದಿದಂತೆ ಮರ ಉಳಿದಿದ್ದರೆ ಅದೇ ಕಡುಬು. ಬಾಯಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಕೆನ್ನೆ ತಾನಾಗಿ ಕಾಣುತ್ತದೆ. ಗಜದ ಅಂಚಿಗೆ ಸಮನಾಗಿ ಒಂದು ಸಣ್ಣ ಗೀರು-ಪಟ್ಟಿ ಕೆತ್ತುವುದು ಹಳೆಯವರ ಪದ್ಧತಿ. ಅದು ಬರೀ ಅಲಂಕಾರವಲ್ಲ. ನೆರಳಿನ ಗೆರೆ ಬಿದ್ದು ಮುಂಗೈಯ ಎತ್ತರ ಎರಡಾಗಿ ಒಡೆಯುತ್ತದೆ, ಕಣ್ಣಿಗೆ ತೆಳ್ಳಗೆ ಕಾಣುತ್ತದೆ.

ಲಾಕ್‌ನ ಹತ್ತಿರ ಅಗಲ, ಹಿಂದೆ ಇನ್ನೂ ಅಗಲ

ಮೇಲಿನಿಂದ ನೋಡಿ. ಲಾಕ್ ಪ್ಲೇಟಿನ ಮೇಲ್ಮೈಯಿಂದ ಆಚೆ ಪಕ್ಕದ ಮೇಲ್ಮೈಯವರೆಗೆ ನನ್ನ ಲೆಕ್ಕ 1 9/16 ಇಂಚು: ನಳಿಗೆ 1, ಲಾಕ್ ಕಡೆ 5/16, ಆಚೆ ಕಡೆ 1/4. ಎರಡೂ ಕಡೆ ಒಂದೇ ಸಮ ಇರಬೇಕೆಂದು ಏನೂ ಇಲ್ಲ. ಲಾಕ್ ಇಲ್ಲದ ಪಕ್ಕದಲ್ಲಿ ಅಷ್ಟು ಮರ ಬೇಕಿಲ್ಲ.

ಲಾಕ್ ಕಡೆ ಜಾಸ್ತಿ ಬಂದಿದ್ದರೆ ಲಾಕ್ ಪೂರ್ತಿ ಒಳಗೆ ಹೋಗಿಲ್ಲ ಎಂದೇ ಅರ್ಥ. ಪ್ಲೇಟಿನ ಮೇಲಂಚಿನ ಹಿಂದಿರುವ ದಪ್ಪ ಏಣು ನಳಿಗೆಯ ಪಕ್ಕಕ್ಕೆ ತಾಗಿ ಕೂರಬೇಕು. ತಾಗಿದೆಯಾ ಎಂದು ಮಸಿ ಬಳಿದು ನೋಡಿ. ನಡುವೆ ಒಂದು ಕಾಗದ ನುಗ್ಗಿದರೂ ಇನ್ನೂ ಕೆಲಸ ಇದೆ, ಮದ್ದೂ ಆ ಸಂದಿಗೆ ಸೋರುತ್ತದೆ.

ಇದಕ್ಕಿಂತ ನಾಜೂಕಾದ ತಪ್ಪು ಒಂದಿದೆ, ಇದನ್ನು ಗುರುತಿಸಲು ನನಗೆ ಮೂರು ಕೋವಿ ಬೇಕಾಯಿತು. ಮುಂದಕ್ಕೆ ಸಪೂರವಾಗುವ ನಳಿಗೆಯ ಪಕ್ಕಕ್ಕೆ ಲಾಕನ್ನು ಒತ್ತಿ ಕೂರಿಸಿದರೆ ಲಾಕ್ ಕೂಡ ನಳಿಗೆಯ ಓರೆಯನ್ನೇ ಹಿಡಿಯುತ್ತದೆ. ಮೂತಿ ಒಳಗೆ, ಬಾಲ ಹೊರಗೆ. ಬಾಲ ಇರುವುದು ಎಲ್ಲಿ? ಹಿಡಿ ಶುರುವಾಗುವ ಜಾಗದಲ್ಲಿ, ಅಂದರೆ ಕೋವಿ ಅತಿ ಸಪೂರ ಇರಬೇಕಾದ ಕಡೆ. ಅಲ್ಲಿ ಪ್ಲೇಟ್ ಹೊರಗೆ ಚಾಚಿಕೊಂಡರೆ ಮರವೂ ಅದರ ಜೊತೆ ಚಾಚಿಕೊಳ್ಳಬೇಕು, ಹಿಡಿ ದಪ್ಪವಾಗುತ್ತದೆ. ಲಾಕ್ ಕೂರಿಸುವ ಮೊದಲೇ ಆ ಏಣನ್ನು ಹಿಂದಿನ ಕಡೆ ಒಂಚೂರು ಜಾಸ್ತಿ ಅರ ಹಾಕಿ ಓರೆ ಮಾಡಿದರೆ ಬಾಲ ಒಳಗೆ ಸರಿಯುತ್ತದೆ. ಸುಮ್ನೆ ಜಾಸ್ತಿ ತೆಗೆಯಬೇಡಿ, ಒಳಗಿನ ಸ್ಪ್ರಿಂಗು ಮತ್ತು ಟ್ರಿಗರ್ ತಾಗುವ ಕಡ್ಡಿಗೆ ಜಾಗ ಇದೆಯಾ ನೋಡಿಕೊಂಡೇ ಮಾಡಿ.

ಲಾಕ್ ಸುತ್ತ ಬಿಡುವ ಚಪ್ಪಟೆ ಅಂಚು 1/8 ಇಂಚು ದಾಟಬಾರದು. ಫೋಟೊ ಫ್ರೇಮಿನಷ್ಟು ಅಗಲ ಅಂಚು ಬಿಟ್ಟ ಕೋವಿ ಎಷ್ಟೇ ತೆಳುವಿದ್ದರೂ ಹಲಗೆಯಂತೆ ಕಾಣುತ್ತದೆ. ಲಾಕ್‌ನ ಮೂತಿ ಮುಗಿದ ಕೂಡಲೇ ಮುಂಗೈ ಸಪೂರವಾಗಲು ಶುರುವಾಗಬೇಕು, ಎರಡು ಇಂಚು ಆದ ಮೇಲೆ ಅಲ್ಲ.

ಹಿಡಿ

ಇಲ್ಲಿ ಎಲ್ಲರ ಕೈಯೂ ನಡುಗುತ್ತದೆ. ಮುರಿದರೆ ಇಲ್ಲೇ ಮುರಿಯುವುದು. ಹಳೆಯ ಕೋವಿಗಳಲ್ಲೂ ಹಿಡಿ ಮುರಿದು, ಹಿತ್ತಾಳೆಯ ತಗಡೋ ಕಬ್ಬಿಣದ ತಗಡೋ ಸುತ್ತಿ ರಿಪೇರಿ ಮಾಡಿದವು ಬೇಕಾದಷ್ಟಿವೆ. ಭಯ ಸುಳ್ಳಲ್ಲ. ಆದರೆ ಹಿಡಿಯನ್ನು ಕಾಪಾಡುವುದು ದಪ್ಪಕ್ಕಿಂತ ಹೆಚ್ಚಾಗಿ ಎಳೆಯ ದಿಕ್ಕು. ಹಲಗೆಯ ಪಕ್ಕದಲ್ಲಿ ಎಳೆಗಳು ಹಿಡಿಯ ಉದ್ದಕ್ಕೆ ಓಡುತ್ತಿವೆಯಾ, ಇಲ್ಲಾ ಅಡ್ಡ ಕತ್ತರಿಸಿಕೊಂಡು ಹೊರಗೆ ಬರುತ್ತಿವೆಯಾ? ಉದ್ದಕ್ಕೆ ಇದ್ದರೆ ಧೈರ್ಯವಾಗಿ 1 3/8ರಿಂದ 1 1/2 ಇಂಚು ಅಗಲಕ್ಕೆ ತನ್ನಿ, ಎತ್ತರ ಅಷ್ಟೇ ಅಥವಾ ಒಂಚೂರು ಜಾಸ್ತಿ. ಅಡ್ಡ ಇದ್ದರೆ ಆ ಹಲಗೆಯಲ್ಲಿ ತೆಳ್ಳನೆಯ ಕೋವಿ ಮಾಡಬೇಡಿ.

ಅಳತೆ ಸರಿಯಿದ್ದೂ ದಪ್ಪ ಅನ್ನಿಸಿದರೆ ಮೂಲೆಗಳು ಉಳಿದಿವೆ. ಕ್ಯಾಲಿಪರ್ ಮೂಲೆಯನ್ನು ಹೇಳುವುದಿಲ್ಲ, ಅಗಲವನ್ನು ಮಾತ್ರ ಹೇಳುತ್ತದೆ. 1 1/2 ಇಂಚಿನ ಚೌಕದ ಸುತ್ತಳತೆ 6 ಇಂಚು, ಅದೇ ಅಳತೆಯ ದುಂಡಿನದು 4 3/4 ಇಂಚಿಗೂ ಕಡಿಮೆ. ಒಂದು ಕಾಗದದ ಪಟ್ಟಿ ಸುತ್ತಿ ನೋಡಿ. 5 ಇಂಚು ದಾಟಿದರೆ ಮೂಲೆ ಇದೆ. ತೆಗೆಯುವಾಗ ಒಮ್ಮೆಲೇ ದುಂಡು ಮಾಡಲು ಹೋಗಬೇಡಿ. ಮೊದಲು ಮೂಲೆಗಳನ್ನು ಚಪ್ಪಟೆ ಕತ್ತರಿಸಿ ಎಂಟು ಮುಖ ಮಾಡಿ, ಆಮೇಲೆ ಹದಿನಾರು, ಆಮೇಲೆ ದುಂಡು. ಪ್ರತಿ ಮುಖವೂ ಉದ್ದಕ್ಕೆ ಒಂದೇ ಅಗಲವಾಗಿ ಓಡುತ್ತಿದೆಯಾ ಎಂದು ನೋಡುತ್ತಾ ಹೋದರೆ ಎರಡೂ ಪಕ್ಕ ತಾನಾಗಿ ಸಮ ಬರುತ್ತವೆ.

ಮತ್ತೊಂದು. ಹಿಡಿ ಥಟ್ಟನೆ ಮುಗಿದು ಬಟ್ ಶುರುವಾಗಬಾರದು, ಹಾಗಾದರೆ ಸೀಸೆಯ ಕತ್ತಿನಂತೆ ಕಾಣುತ್ತದೆ. ಕೆನ್ನೆ ಒರಗುವ ಏಣಿನ ಮೂತಿಯ ಕೆಳಗೆ ಎರಡೂ ಪಕ್ಕ ಮರವನ್ನು ಒಳಗೆ ತೆಗೆದು, ಹಿಡಿಯ ದುಂಡನ್ನು ಬಟ್‌ನೊಳಗೆ ಎರಡು-ಮೂರು ಇಂಚು ನುಗ್ಗಿಸಬೇಕು. ಕಣ್ಣು ಮುಚ್ಚಿ ಹೆಬ್ಬೆರಳನ್ನು ಹಿಂದಕ್ಕೆ ಜಾರಿಸಿ. ಎಲ್ಲಿ ಬೆರಳು ಎಡವುತ್ತದೋ ಅಲ್ಲಿ ಮರ ಇದೆ.

ಬಟ್

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಬಟ್ ಪ್ಲೇಟಿನ ಕೆಳತುದಿಯಿಂದ ಟ್ರಿಗರ್ ಗಾರ್ಡಿನ ಹಿಂತುದಿಯವರೆಗೆ ಒಂದು ದಾರ ಎಳೆದು ಹಿಡಿಯಿರಿ. ಲ್ಯಾಂಕಾಸ್ಟರ್ ಮಾದರಿಯಲ್ಲಿ ಈ ಗೆರೆ ನೇರ. ಮರ ದಾರದಿಂದ ಕೆಳಗೆ ಜೋತಿದ್ದರೆ ಮೀನಿನ ಹೊಟ್ಟೆ, ತೆಗೆಯಿರಿ. ಕೆನ್ನೆ ಒರಗುವ ಮೇಲಿನ ಏಣಿನ ಗೆರೆಯೂ ಲ್ಯಾಂಕಾಸ್ಟರ್‌ನಲ್ಲಿ ನೇರ. ರೆಡಿಂಗ್ ಮತ್ತು ಲೀಹೈ ಕೋವಿಗಳಲ್ಲಿ ಅದು ಗಿಣಿಮೂಗಿನಂತೆ ಬಾಗುತ್ತದೆ. ಒಂದರ ಮೇಲ್ಗೆರೆಗೆ ಇನ್ನೊಂದರ ಕೆಳಗೆರೆ ಸೇರಿಸಿದರೆ ನಡುವೆ ಎಲ್ಲೋ ಮರ ಗುಡ್ಡೆಯಾಗುತ್ತದೆ.

ಪಕ್ಕಗಳು ಹಲಗೆಯಂತೆ ಚಪ್ಪಟೆ ಇವೆಯಾ ನೋಡಿ. ಹಿತ್ತಾಳೆಯ ಪ್ಯಾಚ್ ಬಾಕ್ಸ್ (ಗುಂಡಿಗೆ ಸುತ್ತುವ ಬಟ್ಟೆ ತುಂಡು ಇಡುವ ಮುಚ್ಚಳದ ಗೂಡು) ಕೂರಿಸಲು ಸುಲಭ ಎಂದು ಹಾಗೆ ಬಿಡುತ್ತಾರೆ. ತಗಡನ್ನೇ ಮೆಲ್ಲಗೆ ಬಗ್ಗಿಸಿ ಮರದ ಉಬ್ಬಿಗೆ ಹೊಂದಿಸುವುದು ಸರಿ.

ಕೆತ್ತನೆಗೆಂದು ಉಳಿಸಿದ ಮರ

ಮೇಲಿನ ಎಲ್ಲವೂ ಸರಿಯಿದ್ದೂ ಕೋವಿ ಸ್ವಲ್ಪ ಊದಿದಂತಿದ್ದರೆ ಕಾರಣ ಇದಿರಬಹುದು. ಉಬ್ಬು ಕೆತ್ತನೆ ಮಾಡಬೇಕೆಂದು ಎಲ್ಲ ಕಡೆ 1/8 ಮರ ಉಳಿಸುತ್ತೇವೆ. ಹಳೆಯ ಕೆತ್ತನೆಯ ಉಬ್ಬು ಕೈಗೆ ತಿಳಿಯುವಷ್ಟು ಮಾತ್ರ. 1/32ರಿಂದ 1/16 ಸಾಕು, ಅದೂ ಕೆತ್ತುವ ಜಾಗದಲ್ಲಿ ಮಾತ್ರ. ಹಾಗಾಗಿ ಮೊದಲು ಸ್ಟಾಕನ್ನು ಪೂರ್ತಿ ಆಕಾರಕ್ಕೆ ತನ್ನಿ, ಕೆತ್ತುವ ಜಾಗವನ್ನು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಅಲ್ಲಿ ಕೈ ತಡೆಯಿರಿ. ಅರೆಬರೆ ಕೆತ್ತಿದ ಕಿಟ್ ಸ್ಟಾಕ್ ಕೊಂಡವರಿಗೆ ಇದು ಇನ್ನೂ ಮುಖ್ಯ. ಅದರಲ್ಲಿ ಎಲ್ಲ ಕಡೆ ಮರ ಜಾಸ್ತಿ ಬಿಟ್ಟಿರುತ್ತಾರೆ, ನೋಡಲು ಮಾತ್ರ ಮುಗಿದಂತೆ ಕಾಣುತ್ತದೆ. ಅದನ್ನು ಸ್ಯಾಂಡ್‌ಪೇಪರ್ ಹಾಕಿ ಎಣ್ಣೆ ಬಳಿದರೆ ಸಿಗುವುದು ನುಣುಪಾದ ಒನಕೆ.

ಸ್ಯಾಂಡ್‌ಪೇಪರ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಅದು ಮರ ತೆಗೆಯುವುದಕ್ಕಿಂತ ಮೊದಲು ಅಂಚು ತಿನ್ನುತ್ತದೆ. ಲಾಕ್ ಸುತ್ತಲಿನ ಅಂಚು, ಏಣಿನ ಮೂತಿ, ಗಜದ ಪಕ್ಕದ ಗೆರೆ ಇವು ಚೂಪಾಗಿದ್ದರೆ ಕೋವಿ ತೆಳ್ಳಗೆ ಕಾಣುತ್ತದೆ, ಮೊಂಡಾದರೆ ಅದೇ ಅಳತೆಯ ಕೋವಿ ಊದಿಕೊಳ್ಳುತ್ತದೆ. ಅರ, ಆಮೇಲೆ ಕೆರೆಯುವ ಉಕ್ಕಿನ ತಗಡು. ಅಷ್ಟೇ ಸಾಕು.

ಎಲ್ಲಿ ನಿಲ್ಲಿಸುವುದು

ಹಗಲು ಬೆಳಕಿನಲ್ಲಿ ಮೇಪಲ್‌ನ ಅಲೆಗಳು ಕಣ್ಣನ್ನು ಎಳೆಯುತ್ತವೆ, ಆಕಾರ ಕಾಣುವುದಿಲ್ಲ. ನಾನು ಮುಸ್ಸಂಜೆ ಕಿಟಕಿಗೆ ಅಡ್ಡ ಹಿಡಿದು ಬರೀ ನೆರಳಿನ ಆಕಾರ ನೋಡುತ್ತೇನೆ. ತಲೆಕೆಳಗಾಗಿ ಹಿಡಿದೂ ನೋಡಿ, ಗೊತ್ತಿರುವ ವಸ್ತು ಹೊಸದಾಗಿ ಕಾಣುತ್ತದೆ, ಹೊಟ್ಟೆ ಎಲ್ಲಿದೆ ಎಂದು ಥಟ್ಟನೆ ತಿಳಿಯುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ, ನಿಮ್ಮ ಮಾದರಿ ಕೋವಿಯ ಫೋಟೊ ಪಕ್ಕ ಇಟ್ಟರೂ ಆಯಿತು.

ಎಲ್ಲಾದರೂ ಜಾಸ್ತಿ ತೆಗೆದು ಗಜದ ತೂತು ತಳದಲ್ಲಿ ಒಡೆದರೆ ಗಾಬರಿಯಾಗಿ ಮರದ ಪುಡಿ-ಅಂಟು ತುಂಬಬೇಡಿ, ಬಣ್ಣ ಹಾಕಿದಾಗ ಕಲೆ ಎದ್ದು ಕಾಣುತ್ತದೆ. ಒಡೆದ ಜಾಗವನ್ನು ದೋಣಿಯ ಆಕಾರಕ್ಕೆ ನೀಟಾಗಿ ಕೊರೆದು, ಅದೇ ಹಲಗೆಯಿಂದ ಕತ್ತರಿಸಿದ ತುಂಡನ್ನು ಎಳೆಗೆ ಎಳೆ ಸೇರಿಸಿ ಅಂಟಿಸಿ. ಗಜವನ್ನು ಮೇಣ ಹಚ್ಚಿ ಒಳಗೆ ಬಿಟ್ಟಿರಿ, ಅಂಟು ಒಳಗೆ ಇಳಿದು ಗಟ್ಟಿಯಾಗದಂತೆ ಅದೇ ತಡೆಯುತ್ತದೆ. ಹಲಗೆಯಿಂದ ಸ್ಟಾಕ್ ಕತ್ತರಿಸುವಾಗ ಬಿದ್ದ ತುಂಡುಗಳನ್ನು ಒಲೆಗೆ ಹಾಕದೆ ಕೋವಿ ಮುಗಿಯುವ ತನಕ ಎತ್ತಿಡುವುದು ಇದಕ್ಕಾಗಿಯೇ.